ಸುಲ್ತಾನ್ ಬತ್ತೇರಿ

'ಬತ್ತೇರಿ' ಎಂಬ ಮಾತು ನಮ್ಮ ಸೀಮೆಯವರಿಗೆ ಹೊಸದಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಝಂಡಾ ಬತ್ತೇರಿಯಿದೆ, ಲಾಲ್ ಬತ್ತೇರಿಯಿದೆ. ತೋಪುಗಳನ್ನು ಹೂಡಿ ಹಾರಿಸುವ ಸ್ಥಳಕ್ಕೆ ಯೂರೋಪಿನವರು ಬ್ಯಾಟರಿ ಎನ್ನುತ್ತಿದ್ದರು. ಆ ಮಾತೇ ನಮ್ಮವರ ನಾಲಗೆಯ ಮೇಲೆ ಬತ್ತೇರಿಯಾಗಿ, ಕೋಟೆಯ ಬುರುಜಿಗೂ ಹೆಸರಾಯಿತು.

ಕಳೆದ ವರ್ಷ ನಮ್ಮ ತರಗತಿಯ ಪ್ರವಾಸದಲ್ಲಿ ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿಯನ್ನು ನೋಡುವ ಅವಕಾಶ ನನಗೆ ಒದಗಿತು. ನಮ್ಮ ಮನೆಯಲ್ಲಿ ಸಮುದ್ರವನ್ನು ಕಂಡವರಲ್ಲಿ ನಾನೇ ಮೊದಲಿಗ. ಆದರೆ ಬತ್ತೇರಿಯನ್ನು ಕಂಡೊಡನೆ ನನಗಾದುದು ನಿರಾಶೆ. ನಮ್ಮ ಬಸವಾಪಟ್ಟಣದ ಕೋಟೆ ಗುಡ್ಡದ ಮೇಲಿದೆ. 1687ರಲ್ಲಿ ಮೊಗಲರು ಸಿರಾ ಪ್ರಾಂತವನ್ನು ಏರ್ಪಡಿಸಿದಾಗ, ಅದರ ಏಳು ಪರಗಣಗಳಲ್ಲಿ ಬಸವಾಪಟ್ಟಣವೂ ಒಂದಾಗಿತ್ತು. ಅಂಥ ಊರಿನವನಾದ ನನಗೆ, ಗುರುಪುರ ಹೊಳೆಯ ದಡದಲ್ಲಿ ಕರಿಗಲ್ಲಿನಿಂದ ಕಟ್ಟಿದ ಆ ಕಿರುಗೋಪುರ ಏನೂ ಅಲ್ಲವೆನಿಸಿತು. "ಟಿಪ್ಪುವಿನಂಥ ದೊರೆ ಕಟ್ಟಿಸಿದ್ದು ಇಷ್ಟೇ ಏನು?" ಎಂದು ಜೊತೆಯವರೊಡನೆ ಹಾಸ್ಯ ಮಾಡಿದೆ. ಹಾಗೆ ಹಾಸ್ಯ ಮಾಡಿದ್ದು ತಪ್ಪೆಂದು ಹಿಂತಿರುಗಿದ ಮೇಲೆ ಓದಿ ತಿಳಿದೆನು. ಆ ತಿಳಿವಳಿಕೆಯನ್ನೇ ಇಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

1763ರಲ್ಲಿ ಬಿದನೂರು ಹೈದರಾಲಿಯ ವಶವಾದಾಗ ಮಂಗಳೂರೂ ಅವನ ಕೈಸೇರಿತು. ಮೈಸೂರಿಗೆ ಸಮುದ್ರದ ಬಾಗಿಲು ತೆರೆದಂತಾಯಿತು. ಹೈದರನು ಅಲ್ಲಿ ಹಡಗುಗಳನ್ನು ಕಟ್ಟಿಸಿದನು. 1782ರ ಡಿಸೆಂಬರಿನಲ್ಲಿ ಅವನು ತೀರಿಕೊಂಡನು. ಮರುವರ್ಷ ಮಾರ್ಚಿಯಲ್ಲಿ ಇಂಗ್ಲಿಷರು ಮಂಗಳೂರಿನ ಕೋಟೆಯನ್ನು ಹಿಡಿದರು. ಟಿಪ್ಪು ಮೊದಲು ಬಿದನೂರನ್ನು ಮರಳಿ ಗೆದ್ದು, ಮೇ ತಿಂಗಳಿನಲ್ಲಿ ಘಟ್ಟವಿಳಿದು ಮಂಗಳೂರಿಗೆ ಮುತ್ತಿಗೆ ಹಾಕಿದನು. ಕೋಟೆಯೊಳಗೆ ಕರ್ನಲ್ ಕ್ಯಾಂಬೆಲ್ಲನ ಕೈಕೆಳಗೆ ಸುಮಾರು 3,500 ಮಂದಿ ಸೈನಿಕರಿದ್ದರು.

ಈ ಮುತ್ತಿಗೆಯಲ್ಲಿ ಟಿಪ್ಪುವಿನ ಸೈನ್ಯವು ಮಾರ್ಟರ್ ತೋಪುಗಳನ್ನು ಬಳಸಿ ದೊಡ್ಡ ಕಲ್ಲುಗಳನ್ನು ಕೋಟೆಯೊಳಕ್ಕೆ ಎಸೆಯಿತು. ಸಾಮಾನ್ಯ ತೋಪಿನ ಕೊಳವೆ ಉದ್ದ. ಅದರ ಗುಂಡು ನೇರವಾಗಿ ಹೋಗಿ ಗೋಡೆಗೆ ಬಡಿಯುತ್ತದೆ. ಮಾರ್ಟರಿನ ಕೊಳವೆಯಾದರೋ ಗಿಡ್ಡ, ಬಾಯಿ ಅಗಲ, ಮುಖ ಆಕಾಶದ ಕಡೆಗೆ. ಕವಣೆ ಬೀಸಿ ಮೇಲಕ್ಕೆಸೆದ ಕಲ್ಲಿನಂತೆ ಅದರ ಗುಂಡು ಎತ್ತರಕ್ಕೇರಿ, ಗೋಡೆಯನ್ನು ದಾಟಿ, ಒಳಗಿನವರ ತಲೆಯ ಮೇಲೆ ಬೀಳುತ್ತದೆ. ಅದರ ಮುಂದೆ ಗೋಡೆಯ ಎತ್ತರದಿಂದ ಹೆಚ್ಚು ಪ್ರಯೋಜನವಿಲ್ಲ.

ಆದರೂ ಕೋಟೆಯನ್ನು ಕೊನೆಗೆ ಸೋಲಿಸಿದ್ದು ಕಲ್ಲುಗುಂಡಲ್ಲ, ಹಸಿವು ಮತ್ತು ರೋಗ. ಎಂಟು ತಿಂಗಳಿಗೂ ಮೇಲೆ ತಡೆದು ನಿಂತ ಕ್ಯಾಂಬೆಲ್ಲನು 1784ರ ಜನವರಿ 30ರಂದು ಕೋಟೆಯನ್ನು ಬಿಟ್ಟುಕೊಟ್ಟನು. ಮಾರ್ಚಿ 11ರಂದು ಮಂಗಳೂರಿನ ಒಪ್ಪಂದವಾಯಿತು.

ಆಮೇಲೆ ನಡೆದುದೇ ವಿಚಾರಾರ್ಹವಾದದ್ದು. ಅಷ್ಟು ಕಷ್ಟದಿಂದ ಗೆದ್ದ ಮಂಗಳೂರಿನ ಕೋಟೆಯನ್ನು ಟಿಪ್ಪು ಬಲಪಡಿಸಲಿಲ್ಲ, ಕೆಡವಿಸಿದನು! 1801ರಲ್ಲಿ ಅಲ್ಲಿಗೆ ಬಂದ ಬುಕಾನನ್ನನು ಈ ಸಂಗತಿಯನ್ನು ಬರೆದಿಟ್ಟಿದ್ದಾನೆ. ತನ್ನ ಕೋಟೆಗಳು ಯೂರೋಪಿನ ಸೈನ್ಯವನ್ನು ತಡೆಯಲಾರವೆಂಬುದು ಟಿಪ್ಪುವಿಗೆ ಅನುಭವದಿಂದ ತಿಳಿದಿತ್ತೆಂದು ಅವನ ಅಭಿಪ್ರಾಯ. ಅದೇ 1784ರಲ್ಲಿ ಟಿಪ್ಪು ಕಟ್ಟಿಸಿದ್ದು ಈ ಪುಟ್ಟ ಬತ್ತೇರಿ. ವೈರಿಯ ಕೈಗೆ ಸಿಕ್ಕರೆ ದೊಡ್ಡ ಕೋಟೆಯು ವೈರಿಗೇ ಆಶ್ರಯ. ಹೊಳೆಯ ಬಾಯಿಯಲ್ಲಿ ವೈರಿಯ ಹಡಗನ್ನು ತಡೆದರೆ ಆ ಭಯವೇ ಇಲ್ಲ. ಹೀಗೆ ಅವನು ಯೋಚಿಸಿರಬೇಕೆಂದು ನನ್ನ ಊಹೆ.

ಬತ್ತೇರಿಯ ರಚನೆಯೂ ಇದಕ್ಕೆ ಒಪ್ಪುವಂತಿದೆ. ಕಿರಿದಾದ ಮೆಟ್ಟಿಲೇರಿದರೆ ಸುತ್ತಲೂ ಗೋಡೆಯಲ್ಲಿ ಗುಂಡು ಹಾರಿಸುವ ಕಂಡಿಗಳು. ಕೆಳಗೆ ಮದ್ದಿನ ಕೋಣೆ. ಕಂಡಿಯ ಮೂಲಕ ಮಾರ್ಟರ್ ಹಾರಿಸಲಾಗದು. ಚಲಿಸುವ ಹಡಗಿಗೆ ಮೇಲಿನಿಂದ ಗುರಿಯಿಡುವುದೂ ಸುಲಭವಲ್ಲ. ಆದುದರಿಂದ ಇದು ನೇರವಾಗಿ ಹಾರಿಸುವವರಿಗಾಗಿ, ಇಕ್ಕಟ್ಟಾದ ನೀರಿನ ದಾರಿಯನ್ನು ಕಾಯಲೆಂದು ಕಟ್ಟಿದ್ದೆಂಬುದು ಸ್ಪಷ್ಟ.

ಆದರೆ ಒಂದು ಬಾಗಿಲನ್ನು ಕಾದ ಮಾತ್ರಕ್ಕೆ ಮನೆ ಉಳಿಯುವುದಿಲ್ಲ. 1799ರಲ್ಲಿ ಮುಂಬಯಿಯ ಸೈನ್ಯ ಕಣ್ಣಾನೂರಿನಿಂದ ಕೊಡಗನ್ನು ದಾಟಿ ಬಂದಿತು. ಮದರಾಸಿನ ಸೈನ್ಯ ಪೂರ್ವದಿಂದ ಬಂದಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಮಂಗಳೂರಿನ ಬತ್ತೇರಿ ಹೊಳೆಯ ಕಡೆಗೆ ನೋಡುತ್ತಲೇ ಉಳಿಯಿತು.

ಊರಿಗೆ ಬಂದ ಮರುದಿನ ನಮ್ಮ ಗುಡ್ಡವನ್ನು ಮತ್ತೊಮ್ಮೆ ಹತ್ತಿದೆನು. ಚಿಕ್ಕಂದಿನಿಂದ ಈ ಗೋಡೆಯ ಎತ್ತರವನ್ನು ಹೊಗಳುತ್ತ ಬಂದ ನಾನು, ಇದು ಯಾವ ದಾರಿಯನ್ನು ಕಾಯುತ್ತಿತ್ತು, ಯಾವ ಆಯುಧಕ್ಕೆ ಹೆದರಿ ಕಟ್ಟಿದ್ದು ಎಂದು ಅಂದೇ ಮೊದಲ ಸಲ ಕೇಳಿಕೊಂಡೆ. ಕೋಟೆಯನ್ನು ಅಳೆಯುವುದಕ್ಕೆ ಮೊದಲು ಈ ಪ್ರಶ್ನೆ ಕೇಳಬೇಕು. ನನ್ನ ಹಾಸ್ಯಕ್ಕೆ ಬತ್ತೇರಿ ಕಲಿಸಿದ ಪಾಠವಿದು. ಸಹಪಾಠಿಗಳೂ ಒಮ್ಮೆ ಗುಡ್ಡವನ್ನೇರಿ ಹಾಗೆ ಕೇಳಿ ನೋಡಲೆಂದು ನನ್ನ ಬಿನ್ನಹ.