ತೂಕದ ಕಾಟಾ, ನೀರಿನ ತಂಬಿಗೆ

ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಊರುಗಳಲ್ಲಿ ಕುಸ್ತಿ ಕಲಿಸುವ ವಸ್ತಾದರಿಗೆ ಹುಡುಗರ ಮೇಲಿರುವ ಅಕ್ಕರೆ ದೊಡ್ಡದು. ಸ್ಪರ್ಧೆಯ ಹಿಂದಿನ ದಿನ ಮಾತ್ರ ಅದೇ ಅಕ್ಕರೆ ದಾರಿ ತಪ್ಪಬಹುದು. "ಒಂದ್ ಕೆ.ಜಿ. ಹೆಚ್ಚೈತಿ, ನೀರ್ ಮುಟ್ಟಬ್ಯಾಡ" ಎಂದು ಹದಿನಾಲ್ಕರ ಹುಡುಗನಿಗೆ ಸ್ವೆಟರ್ ಹಾಕಿಸಿ ಬಿಸಿಲಲ್ಲಿ ಓಡಿಸುವುದು ಬೇಡ, ಗುರುಗಳೇ.

ಜಾತ್ರೆಯ ಮಣ್ಣಿನ ಕುಸ್ತಿಯಲ್ಲಿ ಕಣ್ಣಳತೆಯಲ್ಲೇ ಜೋಡಿ ಕಟ್ಟುತ್ತಿದ್ದರು. ಮ್ಯಾಟ್ ಬಂತು, ಜೊತೆಗೆ ಕಾಟಾ ಬಂತು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಫೈನಲ್ ತಲುಪಿದ್ದ ವಿನೇಶ್ ಫೋಗಟ್ ರಾತ್ರಿಯಿಡೀ ಬೆವರು ಹರಿಸಿದರೂ 50 ಕೆ.ಜಿ. ಮಿತಿಗಿಂತ 100 ಗ್ರಾಂ ಹೆಚ್ಚು ತೂಗಿ ಅನರ್ಹರಾದರು. ದೇಹದ ನೀರೆಲ್ಲ ಇಂಗಿ ಅವರಿಗೆ ಚಿಕಿತ್ಸೆ ಬೇಕಾಯಿತು. ತಜ್ಞರ ತಂಡವೇ ಜೊತೆಗಿದ್ದಾಗಿನ ಮಾತಿದು.

1997ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸುವಾಗಲೇ ಸತ್ತರು. ಆಮೇಲೆ ಅಲ್ಲಿ ನಿಯಮಗಳೇ ಬದಲಾದವು.

ಬೆವರಿನಲ್ಲಿ ಹೋಗುವುದು ಕೊಬ್ಬಲ್ಲ, ನೀರು. ನೀರು ತಗ್ಗಿದರೆ ಮೈಯ ಕಾವು ಇಳಿಯದು, ಮೂತ್ರಪಿಂಡ ಸೋಲಬಹುದು, ಪಟ್ಟು ಹಿಡಿಯುವ ಕೈಯಲ್ಲಿ ಕಸುವು ಉಳಿಯದು.

ಬೆಳೆಯುವ ಹುಡುಗನನ್ನು ಅವನ ಸಹಜ ತೂಕದ ವಿಭಾಗದಲ್ಲೇ ಆಡಿಸಿ. ಹದಿನೈದು ದಿನಕ್ಕೊಮ್ಮೆ ತೂಗಿ, ವಹಿಯಲ್ಲಿ ಬರೆದಿಡಿ. ಮೂತ್ರ ಗಾಢ ಹಳದಿಯಾಗಿದ್ದರೆ ತಾಲೀಮು ನಿಲ್ಲಿಸಿ, ನೀರು ಕುಡಿಸಿ. ತಲೆ ಸುತ್ತಿ ಮಾತು ತೊದಲಿದರೆ ನೆರಳಿಗೆ ತನ್ನಿ, ಮೈಗೆ ತಣ್ಣೀರು ಹಾಕಿ, ತಡಮಾಡದೆ ದವಾಖಾನೆಗೆ ಒಯ್ಯಿರಿ.

ತುಂಬಿದ ತಂಬಿಗೆ ಗರಡಿಯ ಕಟ್ಟೆಯ ಮೇಲೆಯೇ ಇರಲಿ, ಹುಡುಗ ಕೇಳದೆ ಕುಡಿಯುವಂತೆ.