ಸೀಟಿನ ಬೆಲೆ ಬೇರೆ, ಡಿಗ್ರಿಯ ಬೆಲೆ ಬೇರೆ

ಪಿಯುಸಿ ಫಲಿತಾಂಶ ಬಂತೆಂದರೆ ಊರಿನ ಮೇಷ್ಟ್ರುಗಳಿಗೆಲ್ಲ ಒಂದೇ ಪ್ರಶ್ನೆ: ‘ಸಾರ್, ಇಷ್ಟು ದುಡ್ಡು ಸುರಿದು ಓದಿಸಿದ್ರೆ ಗಿಟ್ಟುತ್ತಾ?’ ಕೇಳುವವರಲ್ಲಿ ಬಹಳ ಮಂದಿ ಸ್ವತಃ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಕೋಟಾ, ಕೌನ್ಸೆಲಿಂಗ್, ಎಜುಕೇಷನ್ ಲೋನ್ ಎಲ್ಲವೂ ಅವರ ಕಿವಿಗೆ ಒಂದೇ ವಾರದಲ್ಲಿ ಬಂದು ಬಿದ್ದಿರುತ್ತವೆ. ಜೊತೆಗೆ ಯಾವನೋ ಏಜೆಂಟ್ ‘ನಾಳೆಯೊಳಗೆ ಅಡ್ವಾನ್ಸ್ ಕಟ್ಟಿ, ಇಲ್ಲಾಂದ್ರೆ ಸೀಟು ಹೋಯ್ತು ಅಂತ ತಿಳ್ಕೊಳ್ಳಿ’ ಎಂದು ಫೋನ್ ಮೇಲೆ ಫೋನ್ ಮಾಡುತ್ತಿರುತ್ತಾನೆ. ಅಂಥವರಿಗಾಗಿ ಈ ಬರಹ. ಏಜೆಂಟನಿಗಿರುವ ಅವಸರ ನಮಗಿಲ್ಲ, ನಿಧಾನವಾಗಿ ನೋಡೋಣ.

ಮೊದಲು ತಿಳಿಯಬೇಕಾದದ್ದು, ಕಾಲೇಜು ಓದಿಗೆ ಒಂದೇ ಬೆಲೆ ಅಂತ ಇಲ್ಲ. ಎಂಜಿನಿಯರಿಂಗನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಒಂದು ಖಾಸಗಿ ಕಾಲೇಜು, ಕಂಪ್ಯೂಟರ್ ಸೈನ್ಸ್ ತರಗತಿ, ಒಂದೇ ಬೆಂಚಿನಲ್ಲಿ ಮೂವರು. ಒಬ್ಬಳು ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿ ರ‍್ಯಾಂಕಿನ ಮೇಲೆ ಸರ್ಕಾರಿ ಕೋಟಾದಲ್ಲಿ ಬಂದವಳು. ಅವಳ ಫೀಸು ವರ್ಷಕ್ಕೆ ಲಕ್ಷದ ಆಸುಪಾಸು. ಪಕ್ಕದವನು ಖಾಸಗಿ ಕಾಲೇಜುಗಳ ಒಕ್ಕೂಟದ ಪರೀಕ್ಷೆಯಾದ ಕಾಮೆಡ್-ಕೆ ಮೂಲಕ ಬಂದವನು. ಅವನದು ಹೆಚ್ಚು ಕಡಿಮೆ ಅದರ ಎರಡರಷ್ಟು, ಕೆಲವೆಡೆ ಇನ್ನೂ ಜಾಸ್ತಿ. ಮೂರನೆಯವನದು ಮ್ಯಾನೇಜ್‌ಮೆಂಟ್ ಕೋಟಾ. ಅವನ ಅಪ್ಪ ರಸೀದಿಯಲ್ಲಿ ಎಷ್ಟು ಕಟ್ಟಿದರು, ರಸೀದಿ ಇಲ್ಲದೆ ಎಷ್ಟು ಕೊಟ್ಟರು ಎಂಬುದನ್ನು ಮನೆಯವರು ಬಾಯಿಬಿಟ್ಟು ಹೇಳುವುದಿಲ್ಲ. ಮೂವರಿಗೂ ಪಾಠ ಹೇಳುವವರು ಒಬ್ಬರೇ, ಲ್ಯಾಬು ಒಂದೇ, ಪರೀಕ್ಷೆ ಒಂದೇ. ವಿಟಿಯುಗೆ ಸೇರಿದ ಕಾಲೇಜಾದರೆ ಕೊನೆಗೆ ಕೈಗೆ ಬರುವ ಪದವಿಯೂ ಬೆಳಗಾವಿಯ ಅದೇ ವಿಶ್ವವಿದ್ಯಾಲಯದ್ದು. ಯಾವ ಕೋಟಾದಲ್ಲಿ ಸೇರಿದವನು ಎಂದು ಅದರ ಮೇಲೆ ಬರೆದಿರುವುದಿಲ್ಲ, ಕೆಲಸ ಕೊಡುವವರು ಕೇಳುವುದೂ ಇಲ್ಲ. ಮೂವರೂ ಒಂದೇ ಕಂಪನಿಗೆ ಒಂದೇ ಹುದ್ದೆಗೆ ಆಯ್ಕೆಯಾದರೆ ಸಂಬಳವೂ ಒಂದೇ.

ಆದ್ದರಿಂದ ‘ಡಿಗ್ರಿ ಗಿಟ್ಟುತ್ತಾ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ‘ಈ ಸೀಟು, ಈ ಬೆಲೆಗೆ, ನಮ್ಮ ಮನೆಗೆ ಗಿಟ್ಟುತ್ತಾ’ ಎಂದು ಕೇಳಿದರೆ ಸಿಗುತ್ತದೆ. ಹೆಚ್ಚು ಕೊಟ್ಟ ಮಾತ್ರಕ್ಕೆ ಡಿಗ್ರಿಯ ತೂಕ ಹೆಚ್ಚುವುದಿಲ್ಲ, ಸಾಲದ ತೂಕ ಹೆಚ್ಚುತ್ತದೆ.

ಒಂದೇ ಬೆಂಚಿಗೆ ಮೂರು ಬೆಲೆ ಹೇಗೆ ಬಂತು ಎಂಬುದಕ್ಕೆ ಒಂದು ಇತಿಹಾಸವಿದೆ, ಅದರ ಬಹುಪಾಲು ನಮ್ಮ ರಾಜ್ಯದ್ದೇ. ದೇಶದಲ್ಲಿ ವಿದ್ಯಾರ್ಥಿಗಳ ಫೀಸಿನಿಂದಲೇ ನಡೆಯುವ ಮೊದಲ ಖಾಸಗಿ ವೈದ್ಯಕೀಯ ಕಾಲೇಜು 1953ರಲ್ಲಿ ಮಣಿಪಾಲದಲ್ಲಿ ಶುರುವಾಯಿತು. ಆಮೇಲಿನ ದಶಕಗಳಲ್ಲಿ ಓದುವ ಮಕ್ಕಳು ಹೆಚ್ಚಿದಷ್ಟು ಸರ್ಕಾರಿ ಸೀಟುಗಳು ಹೆಚ್ಚಲಿಲ್ಲ. ಆ ಜಾಗವನ್ನು ಖಾಸಗಿ ಕಾಲೇಜುಗಳು ತುಂಬಿದವು, ಜೊತೆಗೆ ಡೊನೇಷನ್ನೂ ಬಂತು. ಅದನ್ನು ತಡೆಯಲು 1984ರಲ್ಲಿ ಕರ್ನಾಟಕ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಆದರೂ ತುಮಕೂರಿನ ಖಾಸಗಿ ಕಾಲೇಜೊಂದರಲ್ಲಿ ಎಂಬಿಬಿಎಸ್ ಸೇರಬಯಸಿದ ಮೀರತ್‌ನ ಹುಡುಗಿ ಮೋಹಿನಿ ಜೈನ್ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಆಗ ಸರ್ಕಾರವೇ ಗೊತ್ತುಪಡಿಸಿದ್ದ ದರ ನೋಡಿ: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕನ್ನಡಿಗರಿಗೆ 25,000, ಹೊರರಾಜ್ಯದವರಿಗೆ 60,000. ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧವೆಂದು 1992ರಲ್ಲಿ ತೀರ್ಪು ಬಂತು. ಮರುವರ್ಷ ಉಣ್ಣಿಕೃಷ್ಣನ್ ಪ್ರಕರಣದಲ್ಲಿ ‘ಫ್ರೀ ಸೀಟು’, ‘ಪೇಮೆಂಟ್ ಸೀಟು’ ಎಂಬ ವಿಂಗಡಣೆಯಾಯಿತು. ಅದರ ಬೆನ್ನಿಗೇ, 1994ರಲ್ಲಿ, ನಮ್ಮಲ್ಲಿ ಸಿಇಟಿ ಬಂತು. ಬಡವರ ಮನೆಯ ಎಷ್ಟೋ ಮಕ್ಕಳು ಡಾಕ್ಟರು, ಎಂಜಿನಿಯರುಗಳಾದದ್ದು ಆ ಫ್ರೀ ಸೀಟುಗಳಲ್ಲಿ. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಈ ಫ್ರೀ-ಪೇಮೆಂಟ್ ಸೀಟುಗಳ ಯೋಜನೆಯನ್ನು ರದ್ದು ಮಾಡಿತು. ಅನುದಾನ ಪಡೆಯದ ಖಾಸಗಿ ಕಾಲೇಜುಗಳು ಸಮಂಜಸವಾದ ಫೀಸನ್ನು ತಾವೇ ಗೊತ್ತು ಮಾಡಿಕೊಳ್ಳಬಹುದು, ಲಾಭಕೋರತನ ಮಾತ್ರ ಕೂಡದು ಎಂದಿತು. ಸಮಂಜಸ ಎಂದರೆ ಎಷ್ಟು ಎಂಬ ಜಗ್ಗಾಟ ಸರ್ಕಾರಕ್ಕೂ ಕಾಲೇಜುಗಳಿಗೂ ಪ್ರತಿ ಬೇಸಿಗೆಯಲ್ಲೂ ನಡೆಯುತ್ತದೆ. ಆ ಜಗ್ಗಾಟದ ಫಲವೇ ನಿಮ್ಮ ಕೈಯಲ್ಲಿರುವ ಫೀಸಿನ ಪಟ್ಟಿ.

ಇನ್ನು ಲೆಕ್ಕ. ಇಲ್ಲಿ ಪೆನ್ನು ಹಾಳೆ ತೆಗೆದುಕೊಳ್ಳಿ.

ಫೀಸು, ಹಾಸ್ಟೆಲ್ಲು ಸೇರಿ ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷ ಬ್ಯಾಂಕಿನಲ್ಲಿ ಸಾಲ ಎತ್ತಿದಿರಿ ಎನ್ನೋಣ. ಒಟ್ಟು 6 ಲಕ್ಷ. ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಓದುವ ನಾಲ್ಕು ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಇದನ್ನು ಕೇಳಿ ಅನೇಕರು ಆ ಐದು ವರ್ಷ ಬಡ್ಡಿಯೂ ಇಲ್ಲವೆಂದುಕೊಳ್ಳುತ್ತಾರೆ. ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ ವರ್ಷ ಎತ್ತಿದ ಒಂದೂವರೆ ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಸರಳ ಬಡ್ಡಿಯ ಲೆಕ್ಕದಲ್ಲೇ 2 ಲಕ್ಷ 10 ಸಾವಿರ. ಕಂತು ಶುರುವಾಗುವ ದಿನ ನಿಮ್ಮ ಮಗನ ಹೆಸರಿನಲ್ಲಿರುವುದು 6 ಲಕ್ಷವಲ್ಲ, 8 ಲಕ್ಷ 10 ಸಾವಿರ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 10,700 ರೂಪಾಯಿ ಕಂತು. ಓದುವಾಗಲೇ ಬಡ್ಡಿಯನ್ನಷ್ಟೇ ಮನೆಯವರು ತೀರಿಸಿಕೊಂಡು ಬಂದರೆ ಅದೇ ಕಂತು 8,000ದೊಳಗೆ ನಿಲ್ಲುತ್ತದೆ. ಮೊದಲ ವರ್ಷ ತಿಂಗಳಿಗೆ 1,250 ರೂಪಾಯಿ ಬಡ್ಡಿ, ಕೊನೆಯ ವರ್ಷದ ಹೊತ್ತಿಗೆ 5,000. ಕಷ್ಟವೇ, ಆದರೆ ಹಾಲಿನ ದುಡ್ಡಿನಲ್ಲೋ ಚೀಟಿ ದುಡ್ಡಿನಲ್ಲೋ ಸಂಭಾಳಿಸುವ ಮನೆಗಳಿವೆ.

ಈಗ ಇನ್ನೊಂದು ಕಡೆ ನೋಡಿ. ಐಟಿ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ಆರಂಭದ ಸಂಬಳ ಹತ್ತು-ಹನ್ನೆರಡು ವರ್ಷದ ಹಿಂದೆಯೂ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲಿತ್ತು, ಈಗಲೂ ಬಹುಪಾಲು ಅಲ್ಲೇ ಇದೆ. ಫೀಸು ಮಾತ್ರ ನಿಂತಿಲ್ಲ. ಮೂರೂವರೆ ಲಕ್ಷದ ‘ಪ್ಯಾಕೇಜ್’ ಎಂದರೆ ಪಿಎಫ್, ಅದು ಇದು ಕಳೆದು ಕೈಗೆ ತಿಂಗಳಿಗೆ 25,000ದ ಆಚೀಚೆ. ಬೆಂಗಳೂರಿನ ಪಿಜಿ, ಊಟ, ಓಡಾಟ ಕಳೆಯಿರಿ; 10,700ರ ಕಂತು ಕಳೆಯಿರಿ. ಉಳಿದದ್ದರಲ್ಲಿ ಹಬ್ಬಕ್ಕೆ ಊರಿಗೆ ಬಂದು ಹೋಗಬಹುದು, ಅಷ್ಟೇ. ಆದರೂ ಇದು ಬದುಕಬಹುದಾದ ಲೆಕ್ಕ. ಎರಡು ಮೂರು ವರ್ಷದಲ್ಲಿ ಸಂಬಳ ಏರಿದರೆ ಹೊರೆ ಇಳಿಯುತ್ತದೆ. ಸಾಲ 6 ಲಕ್ಷದ ಬದಲು 15 ಲಕ್ಷವಾದರೆ ಇದೇ ಅಳತೆಯಲ್ಲಿ ಕಂತು 26,000 ದಾಟುತ್ತದೆ, ಅಂದರೆ ಪೂರ್ತಿ ಸಂಬಳ. ಜಮೀನು ಮಾರಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುವೆನೆಂದು ಬರುವ ತಂದೆಯರಿಗೆ ನಾನು ಈ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಮುನಿಸಿಕೊಂಡು ಹೋಗುವವರೂ ಇದ್ದಾರೆ. ಸಾಲವನ್ನು ಹತ್ತೋ ಹದಿನೈದೋ ವರ್ಷದಲ್ಲಿ ತೀರಿಸಬಹುದು. ಮಾರಿದ ನೀರಾವರಿ ಜಮೀನನ್ನು ಮಗನ ಸಂಬಳದಲ್ಲಿ ಮತ್ತೆ ಕೊಂಡವರು ನನಗೆ ಕಂಡಿಲ್ಲ.

ಹಾಗಾದರೆ ಓದುವುದೇ ದಂಡವೇ? ಹೀಗೆ ವಾದಿಸುವವರು ಒಂದು ಅಂಕಿ ಹಿಡಿದುಕೊಂಡು ಬರುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಯುವ ಪದವೀಧರರಲ್ಲಿ ನಿರುದ್ಯೋಗ ಶೇ 29.1, ಓದು ಬರಹ ಬಾರದ ಯುವಕರಲ್ಲಿ ಶೇ 3.4. ಅಂಕಿ ನಿಜ, ಅದರಿಂದ ತೆಗೆಯುವ ತೀರ್ಮಾನ ತಪ್ಪು. ಓದು ಇಲ್ಲದವನು ಒಂದು ವಾರ ಕೆಲಸವಿಲ್ಲದೆ ಕೂತರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಸಿಕ್ಕ ಕೂಲಿಗೆ ಹೋಗುತ್ತಾನೆ, ಲೆಕ್ಕದಲ್ಲಿ ಅವನು ‘ಉದ್ಯೋಗಿ’. ಡಿಗ್ರಿ ಮುಗಿಸಿದವನು ತಕ್ಕ ಕೆಲಸಕ್ಕಾಗಿ ಅಪ್ಪನ ಅನ್ನದಲ್ಲಿ ಒಂದೆರಡು ವರ್ಷ ಕಾಯುತ್ತಾನೆ. ಈ ಕಾಯುವಿಕೆಯೂ ಓದಿನ ಖರ್ಚೇ ಎಂಬುದನ್ನು ಮಾತ್ರ ಮರೆಯಬೇಡಿ. ಕರ್ನಾಟಕ ಸರ್ಕಾರ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಎರಡು ವರ್ಷದವರೆಗೆ ಕೊಡಲು ಹೊರಟಿದೆಯೆಂದರೆ, ಕಾಯುವವರು ಎಷ್ಟಿದ್ದಾರೆಂದು ಅದಕ್ಕೂ ಗೊತ್ತಿದೆ ಎಂದೇ ಅರ್ಥ.

ಕಡಿಮೆ ಬೆಲೆಯ ದಾರಿಗಳು ಇವೆ, ಅವುಗಳಿಗೆ ಜಾಹೀರಾತಿಲ್ಲ. ರಾಜ್ಯದಲ್ಲಿ ನಾನ್ನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ, ಹೆಚ್ಚಿನ ತಾಲ್ಲೂಕುಗಳಲ್ಲಿ ಒಂದಾದರೂ ಸಿಗುತ್ತದೆ. ಅಲ್ಲಿ ಬಿಎ, ಬಿಕಾಂ ಓದಲು ವರ್ಷಕ್ಕೆ ಆಗುವುದು ಕೆಲವೇ ಸಾವಿರ. ಅತಿಥಿ ಉಪನ್ಯಾಸಕರ ಮೇಲೆಯೇ ನಡೆಯುವ ವಿಭಾಗಗಳಿವೆ, ಕಟ್ಟಡ ಸೋರುವ ಕಡೆಗಳಿವೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕೆಎಎಸ್, ಬ್ಯಾಂಕಿನ ಪಿಒ, ಎಫ್‌ಡಿಎ, ಬಿಎಡ್ ಇವೆಲ್ಲಕ್ಕೂ ಬೇಕಾದದ್ದು ಮಾನ್ಯತೆ ಇರುವ ಒಂದು ಪದವಿ. ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಸುರಿದು ತಂದ ಬಿಕಾಮಿಗೂ ತಾಲ್ಲೂಕಿನ ಬಿಕಾಮಿಗೂ ಆ ಅರ್ಜಿಯಲ್ಲಿ ಒಂದೇ ಕಾಲಂ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಸ್ಸಿನ ಖರ್ಚೂ ಇಲ್ಲ. ಬೆಳಗಿನ ಕೆಂಪು ಬಸ್ಸಿನ ನೂಕುನುಗ್ಗಲಿನಲ್ಲಿ ಬ್ಯಾಗನ್ನು ಎದೆಗವಚಿಕೊಂಡು, ಆಧಾರ್ ಕಾರ್ಡ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಪಡೆದು ಬರುವ ಹುಡುಗಿಯರನ್ನು ನೋಡಿದ್ದೇನೆ. ಇವರಲ್ಲಿ ಕೆಲವರನ್ನಾದರೂ ಬಸ್ ಚಾರ್ಜಿನ ನೆಪ ಹೇಳಿ ಹತ್ತನೆಯ ತರಗತಿಗೇ ನಿಲ್ಲಿಸುತ್ತಿದ್ದರು.

ಹುಡುಗಿಯರ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಅವರ ವಿಷಯದಲ್ಲಿ ಬರೀ ಸಂಬಳದ ಲೆಕ್ಕ ಹಾಕುವುದನ್ನು ನಾನು ಒಪ್ಪುವುದಿಲ್ಲ. ಡಿಗ್ರಿ ಓದುವ ಮೂರು ವರ್ಷ ಮದುವೆ ಮುಂದೆ ಹೋಗುತ್ತದೆ, ಬ್ಯಾಂಕ್ ಖಾತೆಯನ್ನು ತಾನೇ ನಡೆಸಲು ಕಲಿಯುತ್ತಾಳೆ, ಕಚೇರಿಯಲ್ಲಿ ನಿಂತು ಕೇಳುವ ಧೈರ್ಯ ಬರುತ್ತದೆ. ಇದಕ್ಕೆ ಕಂತಿನ ಲೆಕ್ಕದಲ್ಲಿ ಜಾಗವಿಲ್ಲ.

ತಾಂತ್ರಿಕ ಓದು ಬೇಕೆನ್ನುವವರು ಎಸ್ಸೆಸ್ಸೆಲ್ಸಿ ಆದ ಕೂಡಲೇ ಡಿಪ್ಲೊಮಾದತ್ತ ನೋಡಬಹುದು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೆ (ಜನ ಕರೆಯುವುದು ಜಿಟಿಟಿಸಿ ಎಂದೇ) ಈಗ ಹಲವು ಜಿಲ್ಲೆಗಳಲ್ಲಿ ಶಾಖೆಗಳಿವೆ. ಮೂರು ವರ್ಷ ಕಲಿಕೆ, ಮತ್ತೊಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೇ ಸೇರಬಹುದು, ಒಂದು ವರ್ಷದ ಫೀಸು ಉಳಿಯುತ್ತದೆ.

ನೆರವಿನ ವಿಷಯ ಚುಟುಕಾಗಿ ಹೇಳುತ್ತೇನೆ. ರಾಜ್ಯದ ವಿದ್ಯಾರ್ಥಿವೇತನಗಳ ಅರ್ಜಿಗೆ ಎಸ್‌ಎಸ್‌ಪಿ ಪೋರ್ಟಲ್. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿಯಲ್ಲಿ ವರ್ಷಕ್ಕೆ ಹತ್ತು ತಿಂಗಳು ನೆರವಿನ ಹಣ. ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಎಂಬ ಶೇ 5ರಷ್ಟು ಹೆಚ್ಚುವರಿ ಸೀಟುಗಳಿವೆ. ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು ರ‍್ಯಾಂಕ್ ಚೆನ್ನಾಗಿದ್ದರೆ ಬೋಧನಾ ಶುಲ್ಕವೇ ಇಲ್ಲ. ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ, ವೃತ್ತಿಪರ ಕೋರ್ಸಿನ ಸಾಲಕ್ಕೆ ಓದುವ ಅವಧಿ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆಯಿದೆ. ಮೇಲೆ ಹಾಕಿದ 2 ಲಕ್ಷ 10 ಸಾವಿರ ಹಾಗೇ ಮಾಯವಾಗುವುದು ಇಲ್ಲಿ. ನೀವು ನೋಡಿದ ಕಾಲೇಜು ಅದರಡಿ ಬರುತ್ತದೆಯೇ ಎಂದು ಬ್ಯಾಂಕಿನವರನ್ನು ಸಾಲಕ್ಕೆ ಸಹಿ ಹಾಕುವ ಮೊದಲೇ ಕೇಳಿ. ಇವುಗಳಿಗೆ ಆದಾಯ ಪ್ರಮಾಣಪತ್ರ ಬೇಕು, ಕೆಲವಕ್ಕೆ ಜಾತಿ ಪ್ರಮಾಣಪತ್ರವೂ ಬೇಕು. ಫಲಿತಾಂಶ ಬಂದ ಮೇಲೆ ನಾಡಕಚೇರಿಯಲ್ಲಿ ಸಾಲು ನಿಲ್ಲುವ ಬದಲು ಪರೀಕ್ಷೆಗೆ ಮುಂಚೆಯೇ ಮಾಡಿಸಿಟ್ಟುಕೊಳ್ಳಿ.

ಕಾಲೇಜಿನ ಗೇಟಿನಲ್ಲಿ ‘ಹೈಯೆಸ್ಟ್ ಪ್ಯಾಕೇಜ್’ ಎಂದು ಫ್ಲೆಕ್ಸ್ ಹಾಕಿರುತ್ತಾರಲ್ಲ, ಅದನ್ನು ಓದಿ ನಗಬಹುದು. ಅದು ಒಬ್ಬನ ಸಂಬಳ. ನೀವು ಕೇಳಬೇಕಾದದ್ದು ಸಂಬಳಗಳನ್ನೆಲ್ಲ ಸಾಲಾಗಿ ಇಟ್ಟರೆ ನಡುವಿನವನಿಗೆ ಎಷ್ಟು ಎಂಬುದು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕುವ ಕಾಲೇಜುಗಳು ಈ ಅಂಕಿಯನ್ನು, ಎಷ್ಟು ಮಂದಿ ಪಾಸಾದರು, ಎಷ್ಟು ಮಂದಿಗೆ ಕೆಲಸವಾಯಿತು ಎಂಬುದನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಿರುತ್ತವೆ. ಪಕ್ಕದ ಮನೆಯ ಹುಡುಗನ ಮೊಬೈಲಿನಲ್ಲಿ ಹತ್ತು ನಿಮಿಷದ ಕೆಲಸ. ಅದು ಕಾಲೇಜೇ ಬರೆದುಕೊಟ್ಟ ಲೆಕ್ಕ, ಆದ್ದರಿಂದ ಅಲ್ಲಿ ಕೊನೆಯ ವರ್ಷದಲ್ಲಿರುವ ನಿಮ್ಮೂರಿನ ಯಾರಾದರೂ ಸಿಕ್ಕರೆ ವಿಚಾರಿಸಿ.

ಕೊನೆಗೆ ಆಪ್ಷನ್ ಎಂಟ್ರಿ, ಅಂದರೆ ಸಿಇಟಿ ಸೀಟಿಗಾಗಿ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಬರೆದುಕೊಡುವುದು. ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರ್ ನಿಮ್ಮ ಜೇಬು ನೋಡುವುದಿಲ್ಲ. ನೀವು ಬರೆದ ಕ್ರಮದಲ್ಲಿ, ರ‍್ಯಾಂಕಿಗೆ ಎಟಕುವ ಮೊದಲ ಸೀಟನ್ನು ಕೊಡುತ್ತದೆ. ಫೀಸಿನ ಪಟ್ಟಿ ಮುಂದಿಟ್ಟುಕೊಂಡೇ ಆಪ್ಷನ್ ಹಾಕಿ, ಕಟ್ಟಲಾಗದ ಕಾಲೇಜನ್ನು ಬರೆಯಲೇಬೇಡಿ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳನ್ನು, ರ‍್ಯಾಂಕ್ ಇದ್ದರೆ ಬೆಂಗಳೂರಿನ ಯುವಿಸಿಇಯನ್ನು ಮೇಲಕ್ಕೆ ಬರೆಯಿರಿ. ಸೀಟು ಬಂದ ಮೇಲೆ ನಾಲ್ಕು ಆಯ್ಕೆ ಇರುತ್ತದೆ: ಒಪ್ಪಿ ಸೇರುವುದು, ಈ ಸೀಟು ಇಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬರುವುದು. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ತಿಳಿಯದೆ ಸೈಬರ್ ಸೆಂಟರಿನವನ ಮಾತು ಕೇಳಿ ಬಟನ್ ಒತ್ತಬೇಡಿ, ಮೂರನೆಯದರಲ್ಲಿ ಕೈಯಲ್ಲಿದ್ದ ಸೀಟು ಹೋಗುತ್ತದೆ. ಇನ್ನು ಸೇರಿದ ಮೇಲೆ ‘ಒರಿಜಿನಲ್ ಮಾರ್ಕ್ಸ್ ಕಾರ್ಡ್ ನಮ್ಮಲ್ಲೇ ಇರಲಿ’ ಎಂದು ಕಾಲೇಜಿನವರು ಹೇಳಿದರೆ, ತೋರಿಸಿ ವಾಪಸ್ ತನ್ನಿ. ಮೂಲ ದಾಖಲೆಗಳನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿದೆ, ಝೆರಾಕ್ಸ್ ಸಾಕು.