ಗಣಕಚಿತ್ರದಲ್ಲಿ ಅಕ್ಷರ ಮಸುಕಾಗುವುದೇಕೆ?

ಸಮಾರಂಭದ ಆಮಂತ್ರಣ, ಗೋಡೆಪತ್ರಿಕೆ, ಪ್ರದರ್ಶನದ ಪಟ ಇವುಗಳನ್ನೆಲ್ಲ ವಿದ್ಯಾರ್ಥಿಗಳು ಈಗ ಗಣಕಯಂತ್ರದಲ್ಲಿಯೇ ಸಿದ್ಧಪಡಿಸುವರು. ಬರೆಯುವಾಗ ಪರದೆಯ ಮೇಲೆ ಚೊಕ್ಕಟವಾಗಿದ್ದ ಬರಹವು ಚಿತ್ರವಾಗಿ ಹೊರಬಂದೊಡನೆ ಅಂಚು ಕದಡಿ ಮಸುಕಾಗುವುದುಂಟು. ಕನ್ನಡದ ಮಟ್ಟಿಗೆ ಇದು ಬರಿಯ ಅಂದದ ಪ್ರಶ್ನೆಯಲ್ಲ. ಅಕ್ಷರದ ಕೆಳಗಿನ ಒಂದು ಸಣ್ಣ ಗೀಟು ಉಳಿದರೆ ಧನ, ಅಳಿದರೆ ದನ! ಒತ್ತಕ್ಷರ ಮಾಯವಾದರೆ ಕತ್ತೆಯೇ ಕತೆಯಾಗುವುದು. ಪರಪ್ರಾಂತದ ನಗರದಲ್ಲಿರುವ ನಮಗೆ ಬೀದಿಯ ಫಲಕಗಳಲ್ಲಿ ಕನ್ನಡ ಕಾಣುವುದು ಅಪರೂಪ. ಶಾಲೆಯ ಗೋಡೆಯ ಬರಹವನ್ನು ನೋಡಿಯೇ ಚಿಕ್ಕ ತರಗತಿಯವರು ಅಕ್ಷರರೂಪವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳುವರು. ಆದುದರಿಂದ ಈ ಮಸುಕಿನ ಕಾರಣವನ್ನು ನಾವು ಅರಿಯತಕ್ಕದ್ದು.

ಗಣಕದ ಚಿತ್ರಗಳಲ್ಲಿ ಎರಡು ಬಗೆ. ವೆಕ್ಟರ್ ಚಿತ್ರದಲ್ಲಿ ಗೆರೆಯು ಲೆಕ್ಕದ ರೂಪದಲ್ಲಿರುತ್ತದೆ: ಇಲ್ಲಿಂದ ಹೊರಟು, ಇಷ್ಟು ಬಾಗಿ, ಅಲ್ಲಿಗೆ ಸೇರು ಎಂದು. ಎಷ್ಟು ಹಿಗ್ಗಿಸಿದರೂ ಗಣಕವು ಗೆರೆಯನ್ನು ಹೊಸದಾಗಿ ಎಳೆಯುವುದು. ಬಿಟ್‌ಮ್ಯಾಪ್ ಚಿತ್ರವಾದರೋ ಪಿಕ್ಸೆಲ್ ಎಂಬ ಸಣ್ಣ ಚೌಕಗಳ ಹಾಸು. ಒಂದು ಚೌಕಕ್ಕೆ ಒಂದೇ ಬಣ್ಣ. ಧಾರವಾಡದ ಕಡೆಯ ಕಸೂತಿಯನ್ನು ಕಂಡವರಿಗೆ ಇದು ಬೇಗ ತಿಳಿದೀತು. ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವ ಆ ಹೊಲಿಗೆಯಲ್ಲಿ ತೇರು ಗೋಪುರಗಳ ಓರೆಗಳು ಮೆಟ್ಟಿಲು ಮೆಟ್ಟಿಲಾಗಿ ಮೂಡುವುವು. ಎಳೆ ಒತ್ತಾಗಿದ್ದಷ್ಟೂ ಮೆಟ್ಟಿಲು ಸಣ್ಣದು. ಹೊಲಿದ ಮೇಲೆ ಬಟ್ಟೆಯನ್ನು ಜಗ್ಗಿದರೆ ಹೊಸ ಎಳೆಗಳೇನೂ ಹುಟ್ಟಲಾರವು.

ಅಕ್ಷರದ ಅಂಚು ಒಂದು ಚೌಕವನ್ನು ಅರ್ಧ ಮಾತ್ರ ಮುಚ್ಚಿದಲ್ಲಿ ಗಣಕವು ಅದಕ್ಕೆ ಬೂದುಬಣ್ಣ ತುಂಬುತ್ತದೆ. ಇದು ದೋಷವಲ್ಲ, ಮೆಟ್ಟಿಲುಗಳನ್ನು ಕಣ್ಣಿಗೆ ಮರೆಸುವ ಉಪಾಯ. ಆದರೆ ಚೌಕಗಳೇ ಕಡಮೆಯಾದರೆ ಅಕ್ಷರದಲ್ಲಿ ಕಪ್ಪಿಗಿಂತ ಬೂದು ಹೆಚ್ಚಿ ಬರಹ ಮಂಕಾಗುವುದು. ಲೆಕ್ಕ ಹಾಕಿ ನೋಡೋಣ. ಅಂಗುಲಕ್ಕೆ 72 ಪಾಯಿಂಟು; 12 ಪಾಯಿಂಟಿನ ಅಕ್ಷರಕ್ಕೆ ಅಂಗುಲದ ಆರನೆಯ ಒಂದು ಪಾಲು. ಅಂಗುಲಕ್ಕೆ 96 ಪಿಕ್ಸೆಲ್‌ನಂತೆ ಚಿತ್ರ ತೆಗೆದರೆ ಆ ಅಕ್ಷರಕ್ಕೆ ದೊರೆಯುವ ಎತ್ತರ 16 ಚೌಕ ಮಾತ್ರ. ಅದರಲ್ಲಿಯೇ ತಲೆಕಟ್ಟು, ಒಡಲು, ಒತ್ತು ಎಲ್ಲವೂ ಹಿಡಿಯಬೇಕು. 300ರಂತೆ ತೆಗೆದರೆ 50 ಚೌಕ.

ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ನಾವಾಗಿ ಬದಲಿಸದ ಹೊರತು ಎಕ್ಸ್‌ಪೋರ್ಟ್ ಅಳತೆ 96 ಎಂದೇ ಇರುತ್ತದೆ. ಅಚ್ಚಿಗೆ ಕಳುಹಿಸುವವರು ಅದನ್ನು 300 ಮಾಡತಕ್ಕದ್ದು. ಆಗ ಎ4 ಹಾಳೆಯು 794×1123ಕ್ಕೆ ಬದಲು 2480×3508 ಪಿಕ್ಸೆಲ್ ಆಗುವುದು. ಪರದೆಗೆಂದು ತೆಗೆಯುವುದಾದರೆ ಅಂಗುಲದ ಮಾತೇ ಬೇಡ. ಚಿತ್ರವು ಎಷ್ಟು ಪಿಕ್ಸೆಲ್ ಅಗಲದಲ್ಲಿ ಕಾಣಬೇಕೋ ಅಷ್ಟೇ ಅಗಲಕ್ಕೆ ತೆಗೆಯುವುದು ಮೇಲು. ಚಿಕ್ಕದಾಗಿ ತೆಗೆದು ಆಮೇಲೆ ಎಳೆದು ದೊಡ್ಡದು ಮಾಡುವ ಅಭ್ಯಾಸ ಅನೇಕರಲ್ಲಿದೆ. ಅದು ಜಗ್ಗಿದ ಕಸೂತಿಯೇ ಸರಿ. ದೊಡ್ಡದು ಬೇಕಾದರೆ ಮೂಲದ ವೆಕ್ಟರ್ ಕಡತಕ್ಕೆ ಹಿಂದಿರುಗಿ ಮತ್ತೊಮ್ಮೆ ತೆಗೆಯಬೇಕು. ಮೂಲವನ್ನು ಅಳಿಸಬಾರದೆಂಬುದು ಇದಕ್ಕಾಗಿಯೇ.

ಉಳಿಸುವ ರೀತಿಯೂ ಮುಖ್ಯ. ಜೆಪೆಗ್ ವಿಧಾನವು ಛಾಯಾಚಿತ್ರಗಳಿಗೆ ಹೇಳಿಸಿದ್ದು. ಅದು ಚಿತ್ರವನ್ನು 8×8 ಪಿಕ್ಸೆಲ್‌ಗಳ ತುಂಡುಗಳಾಗಿ ಮಾಡಿ, ಕಣ್ಣಿಗೆ ಅಷ್ಟಾಗಿ ತೋರದ ವಿವರಗಳನ್ನು ಕಳೆದು, ಕಡತವನ್ನು ಕಿರಿದುಗೊಳಿಸುತ್ತದೆ. ಮುಖದ ಚಿತ್ರದಲ್ಲಿ ಈ ನಷ್ಟ ತಿಳಿಯದು. ಬಿಳಿಯ ಮೇಲಿನ ಕಪ್ಪು ಅಕ್ಷರದ ಸುತ್ತ ಮಾತ್ರ ಧೂಳು ಕವಿದಂತಾಗುವುದು. ಪಿಎನ್‌ಜಿಯು ಯಾವ ಚೌಕವನ್ನೂ ಕೆಡಿಸದು. ಬರಹಕ್ಕೆ ಅದೇ ತಕ್ಕುದು. ಹಾಗೆ ಉಳಿಸಿದುದನ್ನು ವಾಟ್ಸಾಪಿನಲ್ಲಿ ಫೋಟೋ ಎಂದು ಕಳುಹಿಸಿದರೆ ಅದು ದಾರಿಯಲ್ಲಿಯೇ ಕುಗ್ಗುವುದು. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಇದ್ದಂತೆಯೇ ತಲಪುವುದು.

ಚಿತ್ರ ತೆಗೆದಾದ ಮೇಲೆ ಅದನ್ನು ನೂರಕ್ಕೆ ನೂರರ ಅಳತೆಯಲ್ಲಿ ತೆರೆದು ಒತ್ತುಗಳನ್ನೂ ಮಹಾಪ್ರಾಣದ ಗೀಟುಗಳನ್ನೂ ಮೊದಲು ನೋಡಿರಿ. ಪರದೆಗೆಂದು ಅಗಲವನ್ನು ಮೊದಲೇ ಗೊತ್ತುಮಾಡಿದ ಚಿತ್ರದಲ್ಲಿ ಪಿಕ್ಸೆಲ್ ಹೆಚ್ಚಿಸುವಂತಿಲ್ಲ; ಅಲ್ಲಿ ಗೀಟು ಕಾಣದಿದ್ದರೆ ನಾಲ್ಕು ಮಾತು ಕಡಮೆ ಮಾಡಿ ಅಕ್ಷರವನ್ನೇ ದೊಡ್ಡದು ಮಾಡಿರಿ.